ಸಿನಿಮಾದವರು ಕೆಡಿಸಿದ ಕಥೆ

ಹಲಸಿನ ಹಪ್ಪಳದ ಹಿಟ್ಟಿನ ವಾಸನೆ ಬಂದರೆ ನನಗೆ ಈಗಲೂ ಒಂದು ಕಾದಂಬರಿಯ ಕೊನೆಯ ಪುಟ ನೆನಪಾಗುತ್ತದೆ.

ನಮ್ಮಲ್ಲಿ ಹಪ್ಪಳ ಒತ್ತುವಾಗ ಕಥೆ ಓದುವವರಿಗೆ ಬೇರೆ ಕೆಲಸ ಮಾಫಿ. ಅಮ್ಮ ಓದುತ್ತಿದ್ದಳು. ಅಪ್ಪನ ತಂಗಿ, ನನ್ನ ಅತ್ತೆ, ಒತ್ತುತ್ತ ಕೇಳುತ್ತಿದ್ದಳು. ಇಪ್ಪತ್ತು ತುಂಬುವ ಮೊದಲೇ ಗಂಡ ತೀರಿಕೊಂಡು ನಮ್ಮ ಮನೆಗೆ ಬಂದವಳು; ಅವಳಿಗೆ ಓದು ಬರುತ್ತಿರಲಿಲ್ಲ. ಆ ಕಾದಂಬರಿಯ ನಾಯಕಿಯೂ ವಿಧವೆ.

ಅದೇ ಕಥೆ ಸಿನಿಮಾ ಆಗಿ ಸಾಗರಕ್ಕೆ ಬಂತು. ನೋಡಿ ಬಂದ ಮರುದಿನ ಮಧ್ಯಾಹ್ನ ಅತ್ತೆ ಹಿಟ್ಟಿನ ಉಂಡೆಯನ್ನು ಮಣೆಯ ಮೇಲೆ ಕುಕ್ಕಿದಳು.

“ಸಿನಿಮಾದೋರು ಕಥೆನೇ ಕೆಡ್ಸಿದ್ರಲ್ಲ ಅತ್ತಿಗೆ! ಪುಸ್ತಕದಲ್ಲಿ ಅವ್ಳು ಟೀಚರಾಗ್ತಾಳೆ. ಇವ್ರು ಬಾವಿಗೆ ಹಾರ್ಸಿದ್ರು.”

“ಹೌದು ಮಾರಾಯ್ತಿ, ಅವ್ರಿಗೆಂತ ಗೊತ್ತು,” ಎಂದಳು ಅಮ್ಮ.

ಅತ್ತೆಗೆ ಸಮಾಧಾನವಾಗಲಿಲ್ಲ. ಪುಸ್ತಕವನ್ನು ನನ್ನ ಕೈಗಿಟ್ಟು, “ಕೊನೇದು ಓದು, ನೋಡಣ,” ಎಂದಳು.

ನಾನಾಗ ಮೂರನೇ ಕ್ಲಾಸು. ಪುಟದಲ್ಲಿ ಇದ್ದದ್ದು ಬಾವಿಯೇ. ತಲೆ ಎತ್ತಿದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು.

ಅಮ್ಮ ಹಿಂದೆ ಓದಿದ್ದು ನನಗೆ ಬಾಯಿಪಾಠವಾಗಿತ್ತು. ಸಾಲುಗಳ ಮೇಲೆ ಬೆರಳಿಟ್ಟುಕೊಂಡು, ನಾಯಕಿ ಟೀಚರಾದದ್ದನ್ನು ನಿಧಾನವಾಗಿ ಓದಿದೆ.

“ನೋಡಿದ್ರಾ?” ಎಂದು ಅತ್ತೆ ಇನ್ನೊಂದು ಉಂಡೆ ತೆಗೆದುಕೊಂಡಳು.

ಅಮ್ಮ ಕೈಗೆ ಎಣ್ಣೆ ಸವರಿಕೊಂಡು ಅವಳ ಪಕ್ಕ ಒತ್ತಲು ಕೂತಳು.

“ಇನ್ಮೇಲೆ ನೀನೇ ಓದು,” ಎಂದಳು ನನಗೆ.