ನೂರನೆಯ ಗೀಟು

ಹತ್ತು ಗಂಟೆಗೆ ಸರಿಯಾಗಿ ನಗರಸಭೆಯ ಗುಮಾಸ್ತ ಕ್ಷೌರದಂಗಡಿಯ ಮುಂದೆ ಮಡಚುವ ಕುರ್ಚಿ ಬಿಡಿಸಿ ಕೂತು, ತೊಡೆಯ ಮೇಲೆ ರಟ್ಟಿಟ್ಟುಕೊಂಡು ಪೆನ್ಸಿಲ್ ಹಿಡಿದ. ಹನ್ನೊಂದರೊಳಗೆ ಜನ ಈ ರಸ್ತೆಯನ್ನು ನೂರು ಸಲ ದಾಟಿದರೆ ಇಲ್ಲಿಗೆ ಬಿಳಿ ಪಟ್ಟೆಯೂ ಸಿಗ್ನಲ್ಲೂ ಬರುತ್ತವೆ. ಒಂದೇ ಒಂದು ಕಡಿಮೆಯಾದರೂ ಇನ್ನು ಮೂರು ವರ್ಷ ಅರ್ಜಿ ಹಾಕುವಂತಿಲ್ಲ. ನಗರಸಭೆಯ ನಿಯಮ ಹಾಗಿತ್ತು.

ಅರ್ಜಿ ಹಾಕಿದ ಅಕ್ಕ ಅವನ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ವಯಸ್ಸು ಎಪ್ಪತ್ತೆರಡು, ಮಂಡಿಗಳೆರಡೂ ಕೈಕೊಟ್ಟಿದ್ದವು, ಕೈಯಲ್ಲೊಂದು ಊರುಗೋಲು, ಮಡಿಲಲ್ಲೊಂದು ಬಟ್ಟೆಚೀಲ. ರಸ್ತೆಯಾಚೆ ತನ್ನ ಮನೆಯ ಬಾಗಿಲಲ್ಲಿ ಅವಳ ತಂಗಿ ನಿಂತಿದ್ದಳು. ಅಕ್ಕ ಬಟ್ಟೆ ಕತ್ತರಿಸುವವಳು, ತಂಗಿ ಹೊಲಿಯುವವಳು. ನಲವತ್ತು ವರ್ಷ ಹಗಲೆಲ್ಲ ಒಂದೇ ಮೇಜಿಗೆ ಕೂತವರನ್ನು ಈ ರಸ್ತೆ ಅಗಲವಾದದ್ದೇ ದೂರ ಮಾಡಿತ್ತು. ಕತ್ತರಿಸಿದ ಬಟ್ಟೆಯ ಗಂಟು ಈಗ ಇಸ್ತ್ರಿಯವನ ಸೈಕಲ್ ಮೇಲೆ ಎರಡು ಮೈಲಿ ಸುತ್ತಿಕೊಂಡು ಹೋಗುತ್ತಿತ್ತು, ಅಕ್ಕ ಹೋಗುತ್ತಿರಲಿಲ್ಲ. ಕಣ್ಣೆದುರಿನ ಮನೆಗೆ ಆಟೋ ಹತ್ತುವುದೆಂದರೆ ಅವಳಿಗೆ ಅವಮಾನ. ಇಲ್ಲೇ ಬಂದು ಇದ್ದುಬಿಡು ಎಂದು ತಂಗಿ ಹೇಳಿ ಹೇಳಿ ಸೋತಿದ್ದಳು. “ಹೋಗಿ ಬರೋದು ಬೇರೆ, ಹೋಗಿ ಇರೋದು ಬೇರೆ. ಕಾರಣ ಇಲ್ಲದೆ ತಂಗಿ ಮನೇಲಿ ಠಿಕಾಣಿ ಹೂಡೋಕಾಗುತ್ತಾ?” ಎನ್ನುತ್ತಿದ್ದಳು ಅಕ್ಕ.

ಹೋದ ಸಲ, ಮೂರು ವರ್ಷದ ಹಿಂದೆ, ಎಣಿಸಿದಾಗ ಬಂದ ಲೆಕ್ಕ ನಾಲ್ಕು. ಅದರಲ್ಲೊಂದು ನಾಯಿ ಎಂದು ಮೇಲಧಿಕಾರಿ ಅದನ್ನೂ ಲೆಕ್ಕದಿಂದ ತೆಗೆದುಹಾಕಿದ್ದರು. ದಾಟೋಕೆ ಆಗಲ್ಲ ಅಂತ ತಾನೇ ಸಿಗ್ನಲ್ ಕೇಳ್ತಿರೋದು, ಯಾರೂ ದಾಟಲ್ಲ ಅಂತ ಕೊಡಲ್ಲ ಅಂದ್ರೆ ಹೇಗೆ ಎಂದು ಅಕ್ಕ ಕಚೇರಿಯಲ್ಲಿ ಪಟ್ಟು ಹಿಡಿದು ಕೇಳಿದ್ದಳು. ಪೀಡೆ ತೊಲಗಲಿ ಎಂದು ನಿಯಮದ ಪುಸ್ತಕವನ್ನೇ ಕೈಗೆ ಕೊಟ್ಟು ಕಳಿಸಿದ್ದರು. ಅದೇ ತಪ್ಪಾಯಿತು. ಬಟ್ಟೆಯ ಎಳೆ ನೋಡುವ ಕಣ್ಣಿಂದ ಅಕ್ಕ ಅದನ್ನು ಓದಿದಳು. ನೂರು ಸಲ ದಾಟಬೇಕು ಎಂದಿತ್ತೇ ಹೊರತು ನೂರು ಜನ ಬೇಕೆಂದು ಎಲ್ಲೂ ಇರಲಿಲ್ಲ.

ಹಾಗಾಗಿ ಇವತ್ತು ಇಡೀ ಬೀದಿ ಟೊಂಕ ಕಟ್ಟಿ ನಿಂತಿತ್ತು. ಹತ್ತೂಕಾಲಕ್ಕೆ ಇಪ್ಪತ್ತೊಂದು. ಹತ್ತೂವರೆಗೆ ನಲವತ್ತೇಳು. ಇಸ್ತ್ರಿಯವನು ಒಬ್ಬನೇ ಹನ್ನೊಂದು ಸಲ ದಾಟಿ ಕಂಬ ಹಿಡಿದು ಏದುಸಿರು ಬಿಡುತ್ತಿದ್ದ. ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ ಕೂಡ ಕ್ಷೌರಿಕನ ಬೆನ್ನು ಹತ್ತಿ ಆಚೆಗೂ ಈಚೆಗೂ ಓಡಿದ; ಅವನನ್ನು ಕಳೆದುಕೊಂಡರೆ ಉಳಿದರ್ಧ ಗಡ್ಡ ಯಾರು ತೆಗೆಯಬೇಕು? ಗಾಡಿಯವರ ಬೈಗುಳ ಬೀದಿಯವರ ನಗೆಯಲ್ಲಿ ಮುಳುಗಿಹೋಯಿತು. ಗುಮಾಸ್ತ ನಾಲ್ಕು ಗೀಟು ಎಳೆದು, ಮೇಲೊಂದು ಅಡ್ಡ ಗೀಟು ಹಾಕಿದಾಗಲೆಲ್ಲ ಅಕ್ಕ “ಐದು” ಎಂದು ತೊಡೆ ತಟ್ಟುತ್ತಿದ್ದಳು. ಅವಳಿಗೆ ಇಷ್ಟು ಖುಷಿಯಾಗಿ ಎಷ್ಟೋ ವರ್ಷವಾಗಿತ್ತು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ತೊಂಬತ್ತೊಂಬತ್ತು. ನೂರನೆಯದಕ್ಕೆ ಹೊರಟ ಕ್ಷೌರಿಕನ ಚಪ್ಪಲಿ ನಡುರಸ್ತೆಯಲ್ಲಿ ಕಿತ್ತು, ಅವನು ಬರಿಗಾಲಲ್ಲಿ ಹಿಂದಕ್ಕೆ ಓಡಿಬಂದ. ಎಲ್ಲರೂ ಗುಮಾಸ್ತನ ಮುಖ ನೋಡಿದರು.

“ಅರ್ಧ ದಾಟಿದ್ದಕ್ಕೆ ಅರ್ಧ ಗೀಟು ಹಾಕೋಕೆ ಬರಲ್ಲಪ್ಪ,” ಎಂದ ಅವನು. ಅವನ ದನಿಯಲ್ಲೂ ಬೇಸರವಿತ್ತು.

ಅಷ್ಟರಲ್ಲಿ ಜಲ್ಲಿ ಲಾರಿಗಳ ಸಾಲು ಶುರುವಾಯಿತು. ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಬರುತ್ತಲೇ ಇತ್ತು. ಕಾಲಿಟ್ಟವರು ಕಾಲು ಹಿಂದೆ ತೆಗೆದರು. ಮೂರು ನಿಮಿಷ. ಎರಡು. ಇನ್ನು ಮೂರು ವರ್ಷಕ್ಕೆ ಎಪ್ಪತ್ತೈದು ಎಂದು ಅಕ್ಕನ ಮನಸ್ಸು ಲೆಕ್ಕ ಹಾಕಿತು. ಆಗ ಈ ಮಂಡಿಗಳು ಮಂಚದಿಂದ ಇಳಿಸಿದರೆ ಹೆಚ್ಚು. ಅವಳು ಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು ಎದ್ದಳು. ಕೋಲನ್ನು ಅಡ್ಡಲಾಗಿ ಮುಂದೆ ಚಾಚಿದಳು. ಯಾರಾದರೂ ತಡೆಯುವಷ್ಟರಲ್ಲಿ ರಸ್ತೆಗೆ ಇಳಿದೇಬಿಟ್ಟಿದ್ದಳು.

ಲಾರಿ ಕಿರ್ರೆಂದು ನಿಂತಿತು. ಅದರ ಹಿಂದಿನದೂ ನಿಂತಿತು. ಅಕ್ಕ ಅತ್ತಿತ್ತ ನೋಡದೆ, ತಂಗಿಯ ಬಾಗಿಲನ್ನೇ ನೋಡುತ್ತಾ ಒಂದೊಂದೇ ಹೆಜ್ಜೆ ಇಟ್ಟಳು. ಅಳತೆ ಟೇಪು ಹಿಡಿದು ನಡೆದವಳಷ್ಟು ನೆಟ್ಟಗೆ. ಎಣಿಸುವವನು ಕುರ್ಚಿ ಬಿಟ್ಟು ಏಳಬಾರದೆಂಬ ನಿಯಮವಿದ್ದರೂ ಗುಮಾಸ್ತ ಎದ್ದು ನಿಂತಿದ್ದ. ಅವಳ ಕಾಲು ಆಚೆಯ ಅಂಚಿಗೆ ತಾಗಿದಾಗ ಹನ್ನೊಂದಕ್ಕೆ ಇನ್ನೂ ಅರ್ಧ ನಿಮಿಷವಿತ್ತು. ಕೊನೆಯ ನಾಲ್ಕು ಗೀಟಿನ ಮೇಲೆ ಅಡ್ಡ ಗೀಟು ಬಿತ್ತು. ಬೀದಿ ಹೋ ಎಂದು ಕೂಗಿದ ಕೂಗಿಗೆ ಲಾರಿಯವನೂ ಹಾರನ್ ಸೇರಿಸಿದ.

ಅರ್ಜಿದಾರರ ಸಹಿ ಬೇಕಿತ್ತು. ಅದಕ್ಕಾಗಿ ರಸ್ತೆ ದಾಟಲು ಗುಮಾಸ್ತನಿಗೆ ಹದಿನಾಲ್ಕು ನಿಮಿಷ ಹಿಡಿಯಿತು. ಅದನ್ನು ಎಣಿಸಲು ಯಾರೂ ಇರಲಿಲ್ಲ. ಅವನು ಬೆವರೊರೆಸಿಕೊಂಡು ಒಳಗೆ ಬಂದಾಗ ತಂಗಿ ಮೇಜಿನ ಮೇಲಿನ ಸಾಮಾನೆಲ್ಲ ಒಂದು ಕಡೆಗೆ ಸರಿಸುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು. ಅಕ್ಕ ಕಾಲು ನೀವಿಕೊಳ್ಳುತ್ತಿದ್ದಳು.

ಗುಮಾಸ್ತ ಸಂಕೋಚದಿಂದಲೇ ವಿಷಯ ತಿಳಿಸಿದ. ಇದು ಸಭೆಯ ಮುಂದೆ ಹೋಗಬೇಕು, ಟೆಂಡರ್ ಆಗಬೇಕು, ಕಂಬ ಬರಬೇಕು. ಆರು ತಿಂಗಳಿಗೆ ಮೋಸವಿಲ್ಲ, ವರ್ಷವೇ ಆದರೂ ಆಯಿತು. “ಅಲ್ಲೀವರೆಗೆ ನೀವು ವಾಪಸ್ ಹೇಗೆ ದಾಟ್ತೀರಮ್ಮಾ?”

“ಹೆಂಗೆ ದಾಟಲಿ? ದಾಟೋಕಾಗಲ್ಲ ಅಂತ ತಾನೇ ನಾನು ಅರ್ಜಿ ಹಾಕಿದ್ದು,” ಎಂದು ಅಕ್ಕ ಸಹಿ ಹಾಕಿ ಪೆನ್ನು ಹಿಂದಿರುಗಿಸಿದಳು. ಆಮೇಲೆ ಬಟ್ಟೆಚೀಲಕ್ಕೆ ಕೈ ಹಾಕಿ ತನ್ನ ದೊಡ್ಡ ಕತ್ತರಿ, ಅಳತೆ ಟೇಪು, ಮಂಡಿನೋವಿನ ಎಣ್ಣೆ, ಮಡಚಿಟ್ಟ ಎರಡು ಸೀರೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು.

“ನಿಧಾನವಾಗಿ ಮಾಡ್ರಪ್ಪ,” ಎಂದಳು, “ನಮಗೇನೂ ಅವಸರ ಇಲ್ಲ.”