ಇಲ್ಲದ ಬ್ರೇಕು

ಏರುರಸ್ತೆಯ ನಡುವೆ ಇಂಜಿನ್ ಆಫ್ ಆಗಿ ಕಾರು ಹಿಂದಕ್ಕೆ ಜಾರತೊಡಗಿತು. ಹಿಂದಿದ್ದ ತರಕಾರಿ ಲಾರಿ ಹಾರ್ನ್ ಬಾರಿಸಿತು. ಸ್ಟಿಯರಿಂಗ್ ಹಿಡಿದಿದ್ದ ಮಗಳು ಗಾಬರಿಯಿಂದ ಕನ್ನಡಿ ನೋಡಿದಳು. ಪಕ್ಕದಲ್ಲಿ ಕೂತು ಕಲಿಸುತ್ತಿದ್ದ ಅಪ್ಪನ ಕಾಲಡಿ ಬ್ರೇಕೇ ಇರಲಿಲ್ಲ. ಆದರೂ ಬಲಗಾಲಿನಿಂದ ನೆಲವನ್ನು ಬಲವಾಗಿ ಒತ್ತಿದ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಒಂದು ಕೈ ಅವನ ಹೆಗಲ ಮೇಲೆ ಬಿತ್ತು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಅವನ ತಂದೆಯ ಕೈ. "ಸುಮ್ನಿರೋ. ಅವಳೇ ನೋಡ್ಕೋತಾಳೆ."

ಮಗಳು ಹ್ಯಾಂಡ್‌ಬ್ರೇಕ್ ಎಳೆದಳು. ಕಾರು ನಿಂತಿತು. ಮತ್ತೆ ಸ್ಟಾರ್ಟ್ ಮಾಡಿ, ತುಟಿ ಕಚ್ಚಿಕೊಂಡು, ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ಕಾರು ಎರಡು ಸಲ ಮುಗ್ಗರಿಸಿ, ಅಂತೂ ಇಂತೂ ಏರು ಹತ್ತಿತು. "ಹತ್ತಿಸ್ಬಿಟ್ಟೆ ತಾತಾ!" ಎಂದು ಅವಳು ಕಿರುಚಿದಳು.

ಅವನು ಹಿಂತಿರುಗಿ ನೋಡಿದ. ತಂದೆಯ ಬಲಗಾಲಿನ ಚಪ್ಪಲಿಯೂ ನೆಲವನ್ನು ಒತ್ತಿಕೊಂಡೇ ಇತ್ತು. ಅವನಿಗೆ ನಗು ತಡೆಯಲಾಗಲಿಲ್ಲ. "ನಾನು ಕಲೀವಾಗ ಇದೇ ತಪ್ಪಿಗೆ ಆವತ್ತು ನನ್ನ ತಲೆ ಮೇಲೆ ಮೊಟಕಿದ್ರಲ್ಲಪ್ಪಾ! ಮೊಮ್ಮಗಳಾದ್ರೆ ಬೇರೆ ನ್ಯಾಯಾನಾ?"

ತಂದೆ ಹೆಗಲ ಮೇಲಿನ ಕೈ ತೆಗೆಯಲಿಲ್ಲ.

"ಆವತ್ತು ನನ್ನ ಹಿಂದೆ ಕೂತು ಸುಮ್ನಿರೋ ಅನ್ನೋರು ಯಾರಿದ್ರು, ಮಗಾ?"