ಹಸಿರು ಚೀಟಿ

ಅಮೆರಿಕದ ಸಂಸತ್ತಿನಲ್ಲಿ ಸಭಾಧ್ಯಕ್ಷರ ಪೀಠದ ಕೆಳಗಿನ ಮೇಜಿನ ಮುಂದೆ ನಿಂತ ಗಾರ್ಡನ್ ವೆಲ್ಡೆಯ ಕೈ ಹಸಿರು ಚೀಟಿಗಳ ಮೇಲೆ ತಡೆದು ನಿಂತಿತ್ತು. ಹಳೆಯ ಕೊಲೆ ಮೊಕದ್ದಮೆಗಳನ್ನು ಹೊಸ ರಕ್ತಪರೀಕ್ಷೆಗಾಗಿ ಮತ್ತೆ ತೆರೆಯಕೂಡದು ಎನ್ನುವ ಮಸೂದೆಗೆ ಅವನು ಆಗಲೇ ಗುಂಡಿ ಒತ್ತಿ ‘ಇಲ್ಲ’ ಎಂದಿದ್ದ. ಈಗ ಅದನ್ನು ‘ಹೌದು’ ಮಾಡಬೇಕಾದರೆ ಈ ಚೀಟಿಯೇ ಗತಿ.

“ಒಂದೇ ಒಂದು ಮತ ಕಮ್ಮಿ ಬಿದ್ದಿದೆ ಕಣಯ್ಯಾ,” ಎಂದ ಪಕ್ಷದ ಸಚೇತಕ ಡೇಲ್.

“ಮೇಲೆ ಗ್ಯಾಲರೀಲಿ ಮಿಸೆಸ್ ಟಿಲ್ಲರಿ ಕೂತಿದ್ದಾರೆ. ಸರ್ಕಾರಿ ವಕೀಲನಾಗಿದ್ದಾಗ ಅವರ ಮಗನ್ನ ಜೈಲಿಗೆ ಹಾಕಿಸಿದೋನು ನಾನೇ. ಅವನು ಆ ಕೊಲೆ ಮಾಡಿಲ್ಲ ಅಂತ ಈಗ ಅನ್ನಿಸ್ತಿದೆ. ಇದಕ್ಕೆ ‘ಇಲ್ಲ’ ಅಂತೀನಿ ಅಂತ ಅವರಿಗೆ ಮಾತು ಕೊಟ್ಟಿದ್ದೀನಿ.”

“ಕೊಡು, ಬೇಡ ಅಂದೋರ್ಯಾರು? ನಮ್ಮ ರಿಪಬ್ಲಿಕನ್ನರಲ್ಲೇ ಮೆತ್ತನೆ ನಿಲುವಿನೋನು ಅಂತ ಮೊದಲೇ ಹೆಸರು ನಿಂದು. ಮೇ ತಿಂಗಳಲ್ಲಿ ಅಭ್ಯರ್ಥಿ ಯಾರು ಅಂತ ಪಕ್ಷದೊಳಗೇ ನಡೆಯೋ ಚುನಾವಣೇಲಿ ನಮ್ಮೋನೇ ಒಬ್ಬ ನಿನ್ನೆದುರು ನಿಲ್ತಾನೆ. ಸೋತು ಮನೇಲಿ ಕೂತು ಎಷ್ಟು ಮಾತು ಬೇಕಾದ್ರೂ ಕೊಡುವಂತೆ.”

ವೆಲ್ಡೆ ರುಜು ಹಾಕಿ ಚೀಟಿ ಕೊಟ್ಟುಬಿಟ್ಟ. ಗೋಡೆಯ ಮತಫಲಕದ ನಾನೂರು ಹೆಸರಿನ ನಡುವೆ ತನ್ನದು ಆ ಮುದುಕಿಗೆಲ್ಲಿ ಕಾಣುತ್ತದೆ ಎಂದುಕೊಂಡ. ಬದಲಾದ ಮತವನ್ನು ಗುಮಾಸ್ತೆ ಗಟ್ಟಿಯಾಗಿ ಓದಿ ಹೇಳುವುದು ಆ ಸಭೆಯ ಪದ್ಧತಿ. ಎಂಟು ವರ್ಷ ಅಲ್ಲೇ ಕೂತಿದ್ದರೂ ಆ ಗಳಿಗೆಯಲ್ಲಿ ಅವನಿಗದು ಮರೆತೇಹೋಗಿತ್ತು.

“ಓಹಾಯೋದ ಶ್ರೀ ವೆಲ್ಡೆ. ‘ಇಲ್ಲ’ದಿಂದ ‘ಹೌದು’.”

ಮೇಲೆ ಮಿಸೆಸ್ ಟಿಲ್ಲರಿ ಮೆಲ್ಲಗೆ ಎದ್ದು ನಿಂತಳು. ಹತ್ತೊಂಬತ್ತು ವರ್ಷದ ಹಿಂದೆ ಮಗನ ತೀರ್ಪು ಓದಿದಾಗಲೂ, ಯಾರೂ ಹೇಳದಿದ್ದರೂ, ಅವನ ಜೊತೆಗೆ ಹೀಗೇ ಎದ್ದು ನಿಂತಿದ್ದಳು.

“ಕೂತ್ಕೊಳ್ಳಿ ಅಮ್ಮಾ,” ಎಂದ ಕಾವಲಿನವನು.

ಅವಳು ನಿಂತೇ ಇದ್ದಳು, ಎಷ್ಟು ವರ್ಷ ಶಿಕ್ಷೆ ಎಂದು ಕೇಳಿಸಿಕೊಳ್ಳುವುದೊಂದು ಬಾಕಿಯಿದ್ದ ಹಾಗೆ.